ತೆನೆ ಹಬ್ಬವೂ ಸಂಜೆಯ ಕೂಲಿಯೂ

ಸೆಪ್ಟೆಂಬರ್ 8 ಯೇಸುವಿನ ತಾಯಿ ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅಂದೇ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವುದರಿಂದ ಅದು ತೆನೆ ಹಬ್ಬವೂ ಹೌದು. ಕೊಡಗಿನ ವಿರಾಜಪೇಟೆಯಲ್ಲಿ ಅದಕ್ಕೊಂದು ಹೆಚ್ಚಿನ ಸೊಗಸು: ಇಲ್ಲಿನ ದೇವಾಲಯ ಆಕೆಯ ತಾಯಿ ಸಂತ ಅನ್ನಮ್ಮನವರದು. ಮಗಳ ಹುಟ್ಟುಹಬ್ಬ ತವರಿನಲ್ಲೇ ನಡೆದ ಹಾಗೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಈ ಊರು ಕಟ್ಟಿದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಅವನೇ ನೆಲೆ ಕೊಟ್ಟ. ಬರಿಗೈಲಿ ಬಂದವರ ಪೀಳಿಗೆ ಇಂದು ತೆನೆ ಹಿಡಿದು ಪೀಠದ ಮುಂದೆ ನಿಲ್ಲುತ್ತದೆ.

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ತರುತ್ತಾರೆ. ಆ ಮಳೆಗಾಲಕ್ಕೆ ಹಿತ್ತಲಿನ ಡೇರೆ ಹೂವೇ ಸಾಕು, ಅಂಗಡಿಯಿಂದ ಕೊಳ್ಳಬೇಕಿಲ್ಲ. ಕಷ್ಟವಿರುವುದು ತೆನೆಯದು. ಕೊಡಗಿನ ಗದ್ದೆಗಳಲ್ಲಿ ನಾಟಿ ಮುಗಿಯುವುದೇ ತಡ. ಸೆಪ್ಟೆಂಬರ್ ಮೊದಲ ವಾರ ಪೈರು ಇನ್ನೂ ಹಸಿರಾಗಿರುತ್ತದೆ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗಷ್ಟೇ ಕದಿರು. ಹಾಗಾಗಿ ಬೇಗ ಬಿತ್ತಿದ ಗದ್ದೆ ಹುಡುಕಬೇಕು, ಇಲ್ಲವೇ ಘಟ್ಟದ ಕೆಳಗಿನಿಂದ ತರಿಸಬೇಕು. ತುದಿಯ ಕಾಳು ಹಳದಿಗೆ ತಿರುಗಿ ಬುಡದ ಕಾಳು ಹಸಿರಾಗಿರುವ ತೆನೆಯೇ ಸರಿ. ಪೂರ್ತಿ ಹಸಿರಿದ್ದರೆ ಸುಲಿಯುವಾಗ ಉಗುರಿನಡಿ ಹಾಲಾಗಿ ಒಡೆದುಹೋಗುತ್ತದೆ. ತಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಕಟ್ಟಿಡಬಾರದು. ಈ ಮಳೆಯ ತೇವಕ್ಕೆ ಬೆಳಗಾಗುವಷ್ಟರಲ್ಲಿ ಬೆವರಿ, ಮುಗ್ಗಲು ವಾಸನೆ ಹಿಡಿಯುತ್ತದೆ. ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಹರಡಿ, ಒಲೆಯ ಕಾವು ತಾಗುವಷ್ಟು ದೂರದಲ್ಲಿಡಿ.

ಆಶೀರ್ವಾದವಾದ ತೆನೆ ಮನೆಗೆ ಬಂದ ಮೇಲೆ ತಲೆಗೆ ಮೂರು ಕಾಳಿನಂತೆ ಸುಲಿದು ಕಲ್ಲಿನಲ್ಲಿ ಕುಟ್ಟಬೇಕು. ಮಿಕ್ಸಿಯಲ್ಲಿ ಹಾಕಿದರೆ ಅಷ್ಟು ಸಣ್ಣ ಪ್ರಮಾಣ ಗೋಡೆಗೆ ಅಂಟಿಕೊಂಡು ಉಳಿದುಬಿಡುತ್ತದೆ. ಹಾಲು ಕಾಸಿ, ಉಗುರು ಬೆಚ್ಚಗಾದ ಮೇಲೆ ಪುಡಿಯನ್ನೂ ಕರಗಿಸಿ ಸೋಸಿದ ಬೆಲ್ಲವನ್ನೂ ಸೇರಿಸಿ. ಕುದಿಯುವಾಗ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ. ತೆಂಗಿನ ಹಾಲಾದರೂ ಕುದಿಸಬೇಡಿ. ಒಂದು ಗುಟುಕು ಅಷ್ಟೇ. ಆದರೆ ಆ ಗುಟುಕಿನಲ್ಲಿ ಹಸಿ ಅಕ್ಕಿಯ ವಾಸನೆ ಇದೆಯಲ್ಲ, ಗದ್ದೆಯ ಕೆಸರು, ಬೆಳಗಿನ ಮಂಜು, ಹಸುಗೂಸಿನ ಬಾಯಿಯ ಹಾಲು ಎಲ್ಲ ಸೇರಿದ ವಾಸನೆ, ಅದು ನಾಲಗೆಯಿಂದ ಇಳಿದರೂ ಮೂಗಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಕಣ್ಣು ಮುಚ್ಚಿದರೆ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಬಗ್ಗಿದ ಬೆನ್ನುಗಳು ಕಾಣುತ್ತವೆ. ಆ ಬೆನ್ನುಗಳಿಗೆ ನಮ್ಮ ಹಬ್ಬದ ಎಲೆಯಲ್ಲಿ ಜಾಗವಿದೆಯೇ?

ಇದು ಹೊರಗಿನಿಂದ ತಂದ ಪ್ರಶ್ನೆಯಲ್ಲ. ಹುಟ್ಟುಹಬ್ಬ ಯಾರದೋ ಆ ತಾಯಿಯೇ ಹಾಡಿದ್ದು: ದೇವರು ಬಲಾಢ್ಯರನ್ನು ಸಿಂಹಾಸನದಿಂದ ಇಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ, ಸಿರಿವಂತರನ್ನು ಬರಿಗೈಲಿ ಕಳಿಸಿದ. ನಾವು ಆ ಹಾಡನ್ನು ರಾಗದಲ್ಲಿ ಹಾಡಿ ಅರ್ಥವನ್ನು ದಾಟಿಬಿಡುತ್ತೇವೆ. ಬೈಬಲ್ಲಿನ ಹಳೆ ಒಡಂಬಡಿಕೆಯ ಮೋಶೆಯ ನಿಯಮ ಇನ್ನೂ ನಿಖರ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಅದು ಬಡವರದೂ ಪರದೇಶಿಗಳದೂ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡು. ಕಾರಣವನ್ನೂ ಹೇಳುತ್ತದೆ: ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ. ಸೆರೆಯಿಂದ ಬಂದವರ ಊರಿಗೆ ಈ ಮಾತು ಬೇರೆಯವರಿಗಿಂತ ಹತ್ತಿರ. ಕೂಲಿ ವಂಚನೆಯನ್ನು ನಮ್ಮ ಧರ್ಮಸಭೆ ಆಕಾಶಕ್ಕೆ ಮೊರೆಯಿಡುವ ನಾಲ್ಕು ಪಾಪಗಳಲ್ಲಿ ಸೇರಿಸಿದೆ, ಕೊಲೆಯ ಪಕ್ಕದಲ್ಲೇ.

ದುರಾಸೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಬೈಬಲ್ಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದ ಹದಿನಾರನೇ ಅಧ್ಯಾಯ ನೋಡಿ. ಫಿಲಿಪ್ಪಿಯಲ್ಲಿ ಕಣಿ ಹೇಳುತ್ತಿದ್ದ ದಾಸಿಯನ್ನು ಕ್ರಿಸ್ತನ ಪ್ರೇಷಿತ ಪೌಲ ದುರಾತ್ಮದಿಂದ ಬಿಡಿಸಿದ. ಆದಾಯ ನಿಂತಿತೆಂದು ಅವಳ ಒಡೆಯರು ಕೆರಳಿದರು. ಆದರೆ ಅಧಿಕಾರಿಗಳ ಮುಂದೆ ಹೇಳಿದ್ದೇ ಬೇರೆ: ಇವರು ನಮಗೆ ಸಲ್ಲದ ಆಚಾರ ಬೋಧಿಸುತ್ತಿದ್ದಾರೆ, ಊರಿನಲ್ಲಿ ಗಲಭೆ ಎಬ್ಬಿಸುತ್ತಿದ್ದಾರೆ. ಹೋದದ್ದು ಹಣ, ಎತ್ತಿದ್ದು ಆಚಾರದ ಮಾತು. ಪೌಲನ ಮೇಲೆ ಜನರನ್ನು ಎತ್ತಿಕಟ್ಟಿದ ಎಫೆಸದ ಬೆಳ್ಳಿ ಕೆಲಸದ ದೆಮೇತ್ರಿಯನೂ ಮೊದಲು ವ್ಯಾಪಾರದ ಮಾತಾಡಿ ಆಮೇಲೆ ದೇವಿಯ ಹೆಸರು ತೆಗೆದ.

ನಮ್ಮ ನಾಡಿನಲ್ಲೂ ಜಮ್ಮದ ಆಳುಗಳಿದ್ದರು, ಭೂಮಿಗೋ ಮನೆತನಕ್ಕೋ ಹುಟ್ಟಿನಿಂದಲೇ ಸೇರಿದವರು. 1843ರ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಬಲ ತೆಗೆಯಿತು, ಆದರೆ ರೂಢಿಗೆ ಕಾಯ್ದೆ ತಟ್ಟಲು ಬಹಳ ಕಾಲ ಹಿಡಿಯಿತು. ‘ಮಂಗಳೂರ ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ಆನಂದಪುರವೆಂಬ ಊರು ಕಟ್ಟಿದ್ದು ಕ್ರೈಸ್ತರಾದ ದಲಿತ ಕುಟುಂಬಗಳಿಗಾಗಿ. ಹಾಗೆಂದು ಬೀಗುವಂತಿಲ್ಲ. ಅದೇ ದಶಕದಲ್ಲಿ ಇಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು, ಆ ಒಡೆಯರೂ ಅದೇ ಬೈಬಲ್ ಓದುತ್ತಿದ್ದರು. ಇಂದಿನ ಒಡೆಯರಲ್ಲಿ ನಮ್ಮವರೂ ಇದ್ದಾರೆ. ‘ಹಿಂದಿನಿಂದ ಹೀಗೇ ನಡೆದು ಬಂದಿದೆ’ ಎಂಬ ಮಾತು ನಮ್ಮ ಬಾಯಲ್ಲಿ ಬಂದಾಗ ಅದರ ಹಿಂದೆ ಎಷ್ಟು ರೂಪಾಯಿ ಇದೆ ಎಂದು ಎಣಿಸಿಕೊಳ್ಳಬೇಕು.

ಎಣಿಸುವುದು ಕಷ್ಟವಲ್ಲ. ಕಾಫಿ ಕುಯ್ಲಿನಲ್ಲಿ ಕಿಲೋ ಲೆಕ್ಕವಾದರೆ ಖಾಲಿ ಚೀಲವನ್ನು ತೂಗಿ ಅಷ್ಟನ್ನೇ ಕಳೆಯಿರಿ, ಅಂದಾಜಿಗೆ ಒಂದು ಕಿಲೋ ಹೆಚ್ಚು ಕಳೆಯಬೇಡಿ. ತೂಕವನ್ನು ಕೊಯ್ದವರಿಗೆ ತೋರಿಸಿಯೇ ಬರೆಯಿರಿ. ಮುಂಗಡ ಕೊಟ್ಟಿದ್ದರೆ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬ ಚೀಟಿ ಅವರ ಕೈಯಲ್ಲೂ ಇರಲಿ. ತೀರದ ಮುಂಗಡವೇ ಜೀತದ ಹಗ್ಗ, 1976ರ ಕಾಯ್ದೆ ನಿಷೇಧಿಸಿದ್ದು ಅದನ್ನೇ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಲ್ಲಿರುವವರು ಕೂಲಿಯ ಮಾತೆತ್ತಿದರೆ ಮನೆ ಬಿಡಿಸುವ ಬೆದರಿಕೆ ಹಾಕಬೇಡಿ. ಬಾಕಿ ಇದ್ದರೆ ಪಾಪನಿವೇದನೆಗೆ ಮೊದಲೇ ತೀರಿಸಿ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವ ಜಕ್ಕಾಯ ಅರ್ಧ ಆಸ್ತಿ ಬಡವರಿಗೆಂದ, ವಂಚಿಸಿದ್ದನ್ನು ನಾಲ್ಕರಷ್ಟು ಮರಳಿಸುವೆನೆಂದ. ನಮಗೆ ಒಂದರಷ್ಟೂ ಭಾರವಾಗಿದೆ.

ಸೆಪ್ಟೆಂಬರ್ 7ರ ಸಂಜೆ, ಸೂರ್ಯ ಮುಳುಗುವ ಮೊದಲು ವಾರದ ಲೆಕ್ಕ ಮುಗಿಯಲಿ. ಮರುದಿನ ದೇವಾಲಯದಿಂದ ಬಂದು ಕಾಳು ಸುಲಿಯುವಾಗ ತಲೆ ಎಣಿಸುತ್ತೇವಲ್ಲ, ಆಗ ಲೈನ್ ಮನೆಯ ತಲೆಗಳನ್ನೂ ಸೇರಿಸಿ ಎಣಿಸಿ. ಹಾಲು ಸ್ವಲ್ಪ ಹೆಚ್ಚು ಕಾಸಿದರಾಯಿತು.