ಕಾರವಾರದಿಂದ ಹುಬ್ಬಳ್ಳಿಗೆ, ಗೋವೆ ಸುತ್ತಿಕೊಂಡು: ಹುಡುಕಾಟ ಎಲ್ಲಿಗೆ ಬಂತು

ಅಕ್ಟೋಬರ್

ಕಾರವಾರ–ಹುಬ್ಬಳ್ಳಿಯ ಹಳೆ ದಾರಿಗಳನ್ನು ಹುಡುಕುವ ಈ ಕೆಲಸ ಹಿಡಿದಾಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆದಿದ್ದೆ. ಕಾರವಾರಕ್ಕೆ ರೈಲು ಬರಲು 1990ರ ದಶಕದವರೆಗೆ ಯಾಕೆ ಕಾಯಬೇಕಾಯಿತು? ಉತ್ತರ ಹುಡುಕಲು ಜಾಸ್ತಿ ದಿನ ಬೇಕಾಗಲಿಲ್ಲ. ಅದರ ಮೂಲ ಹತ್ತಿಯಲ್ಲಿದೆ.

ನಮ್ಮ ಶಿರಸಿ ಕಡೆಯವರಿಗೆ ಅಡಿಕೆ ಗೊತ್ತು, ಮೆಣಸು ಗೊತ್ತು. ಹತ್ತಿ ನಮ್ಮ ಬೆಳೆಯಲ್ಲ. ಆದರೆ ಮುಂಬೈ ಪೇಟೆಯಲ್ಲಿ 'ಕುಮಟಾ ಹತ್ತಿ' ಅಂತಲೇ ಒಂದು ಜಾತಿ ಇತ್ತು. ಕುಮಟೆಯಲ್ಲಿ ಹತ್ತಿ ಗಿಡ ಎಲ್ಲಿದೆ ಹೇಳಿ? ಬೆಳೆಯುತ್ತಿದ್ದದ್ದು ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಘಟ್ಟ ಇಳಿದು ಕುಮಟೆ ಬಂದರಿನಲ್ಲಿ ಹಡಗು ಹತ್ತಿದ್ದರಿಂದ ಆ ಹೆಸರು. ಕೆಳಗೆ ಹತ್ತಿ, ಮೇಲೆ ಹೋಗುವಾಗ ಉಪ್ಪು ಮತ್ತು ತೆಂಗಿನಕಾಯಿ. ದೇವಿಮನೆ ಘಟ್ಟದಲ್ಲಿ ಬಸ್ಸು ತಿರುಗುವಾಗಲೆಲ್ಲ ಈಗ ನನಗೆ ಆ ಹೇರಿನ ಎತ್ತುಗಳು ನೆನಪಾಗುತ್ತವೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಮೇಲೆ ಬಿತ್ತು. ಕುಮಟೆಯ ಬಂದರು ತೆರೆದ ಸಮುದ್ರಕ್ಕೆ ಮುಖ ಮಾಡಿದ್ದು, ಮಳೆಗಾಲದಲ್ಲಿ ಹಡಗಿಗೆ ಆಸರೆ ಇಲ್ಲ. ಕಾರವಾರದ ಬೈತಖೋಲ ಬಂದರಿಗೆ ಗುಡ್ಡದ ಮರೆ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂತು. ಅರಬೈಲು ಘಟ್ಟದ ಮೇಲೆ ಹತ್ತಿಗಾಡಿಗಳ ರಸ್ತೆ ಆಯಿತು. ಇನ್ನು ರೈಲು ಒಂದೇ ಬಾಕಿ. ಕಾರವಾರ–ಹುಬ್ಬಳ್ಳಿ ರೈಲಿನ ಮಾತು ಆಗಲೇ ಎದ್ದಿತ್ತು.

ಆದರೆ 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವೆ ಒಪ್ಪಂದವಾಯಿತು. ರೈಲು ಪೋರ್ಚುಗೀಸರ ಗೋವೆಯ ಮಾರ್ಮಗೋವಾ ಬಂದರಿಗೆ ಹೋಯಿತು. ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್ ರಾಕ್‌ವರೆಗೆ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಬರೀ 82 ಕಿ.ಮೀ. ಅಲ್ಲಿಂದ ಆಚೆ ಹುಬ್ಬಳ್ಳಿ ಕಡೆಗೆ ಸದರ್ನ್ ಮರಾಠಾ ರೈಲ್ವೆ. 1888ರಲ್ಲಿ ಎರಡೂ ಕೂಡಿದವು. ಧಾರವಾಡದ ಹತ್ತಿ ಗೋವೆಯ ದಾರಿ ಹಿಡಿಯಿತು, ಕಾರವಾರ ಬಂದರು ಸೊರಗಿತು.

ಇಷ್ಟು ಬರೆದು ಮುಗಿಯಿತು ಅಂದುಕೊಂಡಿದ್ದೆ.

ಡಿಸೆಂಬರ್

ನಕ್ಷೆ ಮಾಡಲು ಕೂತಾಗ ಎಡವಿದೆ. ಟ್ರೇಸಿಂಗ್ ಹಾಳೆಯ ಮೇಲೆ ಮೂರು ಬಣ್ಣ: ಗಾಡಿರಸ್ತೆಗೆ ಹಸಿರು, ರೈಲಿಗೆ ಕೆಂಪು, ಹಡಗಿಗೆ ನೀಲಿ. 1890ರ ಸುಮಾರಿನ ಕಾರವಾರದಿಂದ ಗೋವೆಗೆ ಹಸಿರು ಗೆರೆಯನ್ನು ಒಂದೇ ಸಮ ಎಳೆದುಬಿಟ್ಟೆ. ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯ ಮೇಲೆ ಸೀದಾ! ಆಗ ಅಲ್ಲಿ ಸೇತುವೆ ಎಲ್ಲಿತ್ತು? 2024ರ ಆಗಸ್ಟಿನಲ್ಲಿ ಕುಸಿದ ಹಳೆ ಸೇತುವೆ ಬಂದಿದ್ದೇ 1980ರ ದಶಕದಲ್ಲಿ. ಅಲ್ಲಿಯವರೆಗೆ ತಾರಿಯಲ್ಲಿ, ಅಂದರೆ ದೋಣಿಯಲ್ಲಿ, ದಾಟಬೇಕು. ಕಾಳಿ ದಾಟಿದರೂ ಮುಂದೆ ಗುಡ್ಡ, ಹೊಳೆ, ಮತ್ತೆ ಗುಡ್ಡ.

ಹಸಿರು ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ತೆಗೆದೆ. ಹಾಳೆ ಅಲ್ಲಿ ತೆಳ್ಳಗಾಗಿ ಬೆಳಕು ಕಾಣುತ್ತದೆ. ಆ ಖಾಲಿ ಜಾಗ ನೋಡುತ್ತಾ ಕೂತಾಗ ಹೊಸ ಪ್ರಶ್ನೆ ಬಂತು. ರೈಲು ಇಲ್ಲದ ಆ ನೂರು ವರ್ಷ ಕಾರವಾರದವರು ರೈಲು ಹಿಡಿಯುತ್ತಿದ್ದದ್ದು ಹೇಗೆ?

ಉತ್ತರ ನೀಲಿ ಗೆರೆಯಲ್ಲಿತ್ತು. ಆಗಬೋಟು.

ಮುಂಬೈಯಿಂದ ಹೊರಟು ಕರಾವಳಿಯ ಬಂದರುಗಳನ್ನು ಮುಟ್ಟುತ್ತಾ ಬರುವ ಉಗಿಹಡಗುಗಳು ಮಾರ್ಮಗೋವಾದಲ್ಲೂ ನಿಲ್ಲುತ್ತಿದ್ದವು, ಕಾರವಾರದಲ್ಲೂ ನಿಲ್ಲುತ್ತಿದ್ದವು. ಆ ಕಾಲದ ಪ್ರಯಾಣಕ್ಕೆ ಒಂದು ಒಳ್ಳೆಯ ಸಾಕ್ಷಿ ರವೀಂದ್ರನಾಥ ಠಾಕೂರರದ್ದು. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು. ಇಪ್ಪತ್ತೆರಡರ ಹುಡುಗ ರವೀಂದ್ರ ಇಲ್ಲಿಂದ ಮರಳುವಾಗ ಹಡಗಿನ ಡೆಕ್ಕಿನ ಮೇಲೆ ಕೂತು ತಮ್ಮ ನಾಟಕಕ್ಕೆ ಹಾಡು ಕಟ್ಟಿದರು, ಹಾಡಿಕೊಳ್ಳುತ್ತಲೇ ಬರೆದರು. ಗೋವೆಯ ರೈಲು ಆಗಿನ್ನೂ ಕೂಡಿರಲಿಲ್ಲ. ಐದು ವರ್ಷ ಕಳೆದು ಹೋಗಿದ್ದರೆ ಅವರು ಮಾರ್ಮಗೋವಾದಲ್ಲೇ ಇಳಿದು ರೈಲು ಹತ್ತಬಹುದಿತ್ತು.

ಜನವರಿ, ಕುಮಟೆ

ಗೆಳೆಯನ ಅಮ್ಮಮ್ಮನಿಗೆ ತೊಂಬತ್ತು ದಾಟಿದೆ. ಅವರ ಅಪ್ಪ ಕಾರವಾರದಲ್ಲಿ ಕಾಯಿ ವ್ಯಾಪಾರ ಮಾಡುತ್ತಿದ್ದರು, ಹುಬ್ಬಳ್ಳಿಗೂ ಹೋಗಿ ಬರುತ್ತಿದ್ದರು. "ಅಪ್ಪ ಹೇಳ್ತಿದ್ದ, ಆಗಬೋಟು ದಡಕ್ಕೆ ಬರ್ತಿರಲಿಲ್ಲ ತಮಾ" ಅಂತ ಅವರು ಶುರು ಮಾಡಿದರು. ಹಡಗು ದೂರ ನೀರಿನಲ್ಲಿ ನಿಂತು ಸೀಟಿ ಊದುತ್ತಿತ್ತಂತೆ. ದಡದಿಂದ ದೋಣಿ ಹೋಗಬೇಕು. ದೋಣಿಯೂ ಮರಳಿಗೆ ತಾಗುವಷ್ಟು ಬರದಿದ್ದರೆ ದೋಣಿಯವರು ಮೊಣಕಾಲು ನೀರಿನಲ್ಲಿ ನಿಂತು ಜನರನ್ನು ಹೆಗಲ ಮೇಲೆ ಹೊತ್ತು ಹತ್ತಿಸುತ್ತಿದ್ದರಂತೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಲೆಕ್ಕದ ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹಿಡಿದುಕೊಳ್ಳುತ್ತಿದ್ದರಂತೆ. ಅಮ್ಮಮ್ಮ ಎರಡೂ ಕೈ ಎತ್ತಿ, ಹಿಡಿದದ್ದು ಹೇಗೆ ಅಂತ ತೋರಿಸಿದರು. ಅವರು ಕೈ ಇಳಿಸುವವರೆಗೂ ನಾನು ಏನೂ ಬರೆದುಕೊಳ್ಳಲಿಲ್ಲ.

ಮಳೆಗಾಲದಲ್ಲಿ ಆಗಬೋಟು ಬಂದ್. ಆಗ ಹುಬ್ಬಳ್ಳಿಗೆ ಗಾಡಿರಸ್ತೆಯೇ ಗತಿ.

ಅವರ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: "ಎರಡು ಸಲ ಗಂಟು ಬಿಚ್ಚಿ ತೋರಿಸಬೇಕಿತ್ತು." ನಿಜ. ಕಾರವಾರ ಬ್ರಿಟಿಷರದ್ದು, ಹುಬ್ಬಳ್ಳಿಯೂ ಅವರದ್ದೇ, ನಡುವೆ ಮಾತ್ರ ಪರದೇಶ. ಗೋವೆಯ ಕುಳೆ ಸ್ಟೇಷನ್ನಿನಲ್ಲಿ ಪೋರ್ಚುಗೀಸರ ಜಕಾತಿ ಕಟ್ಟೆ, ಘಟ್ಟ ಹತ್ತಿದ ಮೇಲೆ ಕ್ಯಾಸಲ್ ರಾಕಿನಲ್ಲಿ ಬ್ರಿಟಿಷರದ್ದು. ಒಂದೇ ಜಿಲ್ಲೆಯ ಕಾರವಾರದಿಂದ ಕ್ಯಾಸಲ್ ರಾಕಿಗೆ ಬರಲು ಸಮುದ್ರದ ಮೇಲೆ ಹೋಗಿ, ಇನ್ನೊಂದು ದೇಶ ಹೊಕ್ಕು, ರೈಲಿನಲ್ಲಿ ಹೊರಬರಬೇಕು! 1955ರಲ್ಲಿ ಗಡಿ ಬಿಗಿಯಾಗಿ ಆ ರೈಲೂ ನಿಂತಿತು. ಗೋವೆ ಭಾರತಕ್ಕೆ ಸೇರಿದ್ದು 1961ರ ಡಿಸೆಂಬರಿನಲ್ಲಿ. ಅದಾದ ಮೇಲೆಯೇ ಗಾಡಿಗಳು ಮತ್ತೆ ಓಡಿದ್ದು.

ಫೆಬ್ರವರಿ

ಹೋದ ಭಾನುವಾರ ಆ ದಾರಿಯಲ್ಲಿ ನಾನೇ ಹೋಗಿಬಂದೆ. ಕಾರವಾರದ ಸ್ಟೇಷನ್ ಇರುವ ಶಿರವಾಡದಲ್ಲಿ ಕೊಂಕಣ ರೈಲು ಹತ್ತಿ, ಮಡಗಾಂವದಲ್ಲಿ ಇಳಿದು, ಅಲ್ಲಿ ಘಟ್ಟದ ಗಾಡಿ. ಕುಳೆಯಲ್ಲಿ ಹಿಂದಿನಿಂದ ತಳ್ಳಲು ಬೇರೆ ಇಂಜಿನ್‌ಗಳನ್ನು ಜೋಡಿಸಿದರು. 37 ಅಡಿ ಹೋದರೆ 1 ಅಡಿ ಏರು, ರೈಲಿಗೆ ಅದು ದೊಡ್ಡ ಚಡಾವು. ಬಾಗಿಲ ಬಳಿ ನಿಂತವನಿಗೆ ಇಂಜಿನ್ನಿನ ದುಡಿತ ಕಾಲಿನ ಕೆಳಗೇ ಗೊತ್ತಾಗುತ್ತಿತ್ತು. ದೂಧಸಾಗರದ ಹತ್ತಿರ ಎಲ್ಲರೂ ಜಲಪಾತದ ಕಡೆ ನುಗ್ಗಿದರು. ನಾನು ಎದುರಿನ ಕಿಟಕಿಯಲ್ಲಿ ಕಲ್ಲು ಕಡಿದು ಮಾಡಿದ ಗೋಡೆ ನೋಡುತ್ತಾ ನಿಂತಿದ್ದೆ.

ಹುಬ್ಬಳ್ಳಿ–ಅಂಕೋಲಾ ರೈಲು ಆಗದೆ ಇರುವುದರಿಂದ ಕಾರವಾರದವರು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಬೇಕೆಂದರೆ ಇವತ್ತಿಗೂ ಇದೇ ದಾರಿ. ಆಗಬೋಟಿನ ಜಾಗದಲ್ಲಿ ಕೊಂಕಣ ರೈಲು ಬಂದಿದೆ, ಅಷ್ಟೇ. ಹಾಗಾಗಿ ನಕ್ಷೆಯಲ್ಲಿ ನೀಲಿ ಗೆರೆಯ ಪಕ್ಕದಲ್ಲೇ ಇನ್ನೊಂದು ಕೆಂಪು ಗೆರೆ ಎಳೆದಿದ್ದೇನೆ. ಅದಕ್ಕೆ 1998 ಅಂತ ಇಸವಿ ಹಾಕಿದ್ದೇನೆ, ಕೊಂಕಣ ರೈಲು ಪೂರ್ತಿಯಾದ ವರ್ಷ.

ಬರುವ ವಾರ ಬೈತಖೋಲಕ್ಕೆ ಹೋಗಿ, ಆಗಬೋಟು ನಿಲ್ಲುತ್ತಿದ್ದ ಕಡೆಯನ್ನು ದಡದಿಂದ ನೋಡಿ ಗುರುತು ಹಾಕಬೇಕು. ಫೋನಿನಲ್ಲಿ ಹೇಳಿದಾಗ ಅಮ್ಮಮ್ಮ "ನಾನೂ ಬರ್ತೆ" ಅಂದರು. ಗೆಳೆಯ ಕಾರು ತರುತ್ತಾನೆ.