ಪಟ್ಟಿ ಲೆಕ್ಕ: ‘ಉಳಿದದ್ದರ ಕಾಲು ಭಾಗ’ ಕೊನೆಗೂ ಬಗ್ಗಿತು

ಕೊನೆಗೂ ಬಗ್ಗಿತು. ಪಟ್ಟಿ ಲೆಕ್ಕ ಅಂದರೆ ಲೆಕ್ಕದಲ್ಲಿರುವ ಮೊತ್ತವನ್ನು ಉದ್ದನೆಯ ಪಟ್ಟಿಯಾಗಿ ಬರೆದು, ಅದನ್ನು ‘ಮನೆ’ಗಳಾಗಿ ಪಾಲು ಮಾಡಿ ಬಿಡಿಸುವುದು. ಕೂಡು-ಕಳೆ ಪಟ್ಟಿ, ಹೋಲಿಕೆ ಪಟ್ಟಿ, ‘ಇವನ ಹತ್ರ ಅವನ ಮೂರು ಪಟ್ಟು’ ಇವೆಲ್ಲ ಬೆಟಗೇರಿಯ ನಮ್ಮ ಸಂಜೆ ಗುಂಪಿನ ಮಕ್ಕಳಿಗೆ ಸಲೀಸಾಗಿ ಹತ್ತಿದ್ದವು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಪಟ್ಟಿ ಹಿಡಿದು ಮಕ್ಕಳ ಮುಂದೆ ಕೂತವರಿಗೆ ಗೊತ್ತಿರುವುದೇ. ಮಳೆಗಾಲ ಪೂರ್ತಿ ಕಾಡಿದ್ದು ಒಂದೇ ಜಾತಿಯ ಲೆಕ್ಕ. ಮೊದಲು ಒಂದು ಭಾಗ ಹೋಗುತ್ತದೆ, ಆಮೇಲೆ ಉಳಿದದ್ದರಲ್ಲಿ ಒಂದು ಭಾಗ ಹೋಗುತ್ತದೆ, ಕೊನೆಗೆ ಇಷ್ಟು ಉಳಿಯಿತು, ಮೊದಲು ಎಷ್ಟಿತ್ತು?

ನಾವು ಹಿಡಿದ ಲೆಕ್ಕ ಇದು. ರೈತರೊಬ್ಬರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಒಯ್ದರು. ಮೊದಲ ಸಲ ಐದರಲ್ಲಿ ಎರಡು ಭಾಗ ಮಾರಿದರು. ಎರಡನೇ ಸಲ, ಉಳಿದದ್ದರಲ್ಲಿ ಕಾಲು ಭಾಗ. ಇನ್ನೂ 18 ಚೀಲ ಇವೆ. ಒಯ್ದದ್ದೆಷ್ಟು?

ಮಕ್ಕಳು ಪಟ್ಟಿ ಬರೆದು ಐದು ಮನೆ ಮಾಡಿ ಎರಡು ಮನೆಗೆ ಬಣ್ಣ ಹಚ್ಚುತ್ತಾರೆ. ಇಲ್ಲಿತನಕ ಚಂದ. ‘ಕಾಲು ಭಾಗ’ ಬಂದ ಕೂಡಲೇ ಪೆನ್ಸಿಲ್ ಮತ್ತೆ ಎಡತುದಿಗೆ ಓಡುತ್ತದೆ, ಇಡೀ ಪಟ್ಟಿಗೇ ನಾಲ್ಕು ಪಾಲು ಬೀಳುತ್ತದೆ. ಏಳನೇ ಇಯತ್ತೆಯವರು ಪಟ್ಟಿಯನ್ನೇ ಬಿಟ್ಟು 2/5ಕ್ಕೆ 1/4 ಕೂಡಿಸಿ 13/20 ಮಾಡುತ್ತಾರೆ. ಉಳಿದ 7/20 ಅಂದರೆ 18, ಹಾಗಾಗಿ ಒಟ್ಟು 51 ಚೀಲ, ಮೇಲೊಂದು ಚೀಲದ 3/7 ಭಾಗ. “ಆ ಏಳರಾಗ ಮೂರು ಪಾಲಿನ ಚೀಲಾನ ಹಮಾಲ ಹೆಂಗ ಹೊರತಾನ?” ಅಂದರೆ ಗುಂಪೆಲ್ಲ ಬಿದ್ದು ಬಿದ್ದು ನಗುತ್ತದೆ. ನಕ್ಕು, ಉತ್ತರ ಅಳಿಸಿ, ಮತ್ತೆ ಅದೇ ಪಟ್ಟಿ ಬರೆಯುತ್ತದೆ.

ಸಂಖ್ಯೆ ಆರಿಸುವ ಬಗ್ಗೆ ಇಲ್ಲೇ ಒಂದು ಮಾತು. ಉತ್ತರ ಮುರುಕಾಗಿ ಬಂತೆಂದು ಮಗು ತಪ್ಪು ಹಿಡಿದರೆ ಅದು ಚಿತ್ರ ನೋಡಿ ಹಿಡಿದಂತಲ್ಲ. ಅದಕ್ಕೇ ಜೊತೆಗೊಂದು ಲೆಕ್ಕ ಇಟ್ಟುಕೊಂಡಿದ್ದೇನೆ: ಅರ್ಧ ಮಾರಿದರು, ಉಳಿದದ್ದರ ಕಾಲು ಭಾಗ ಮಾರಿದರು, 60 ಉಳಿಯಿತು. ತಪ್ಪು ದಾರಿಯಲ್ಲಿ 240, ಸರಿ ದಾರಿಯಲ್ಲಿ 160. ಎರಡೂ ನೋಡಲು ಅಷ್ಟೇ ಚೊಕ್ಕ. ಮಗು ತನ್ನ ಉತ್ತರವನ್ನು ಮೊದಲಿಂದ ನಡೆಸಿ ನೋಡದೆ ಬೇರೆ ದಾರಿಯಿಲ್ಲ. 240ರ ಅರ್ಧ ಹೋಗಿ 120, ಅದರ ಕಾಲು ಭಾಗ 30 ಹೋಗಿ 90. ಲೆಕ್ಕದಲ್ಲಿರುವುದು 60. ಆಗ ಜಗಳ ಶುರುವಾಗುತ್ತದೆ, ನನಗೆ ಬೇಕಾದದ್ದೂ ಆ ಜಗಳವೇ.

ಬಣ್ಣ ಹಚ್ಚುವುದರಿಂದ ಆಗದಿದ್ದಾಗ ಕತ್ತರಿ ಕೊಟ್ಟೆ. ಮಾರಿದ ಭಾಗವನ್ನು ಕತ್ತರಿಸಿ ತೆಗೆಯಿರಿ ಅಂದೆ. ಕಾಲು ಭಾಗದ ತೊಡಕು ಅಲ್ಲೇ ಬಿಟ್ಟಿತು, ಬೇರೊಂದು ಹುಟ್ಟಿತು. ತುಂಡುಗಳು ಫ್ಯಾನಿನ ಗಾಳಿಗೆ ಚಾಪೆಯ ಕೆಳಗೆ ಸೇರಿದವು, ಮೂಲ ಪಟ್ಟಿ ಎಷ್ಟುದ್ದ ಇತ್ತೆಂಬುದೇ ಕಣ್ಣ ಮುಂದಿಲ್ಲ. ಎಲ್ಲರೂ 24ಕ್ಕೆ ಬಂದು ನಿಂತರು. 24 ಅಂದರೆ ಮೊದಲ ಮಾರಾಟದ ನಂತರ ಉಳಿದದ್ದು. ಅಲ್ಲಿಂದ ಹಿಂದಕ್ಕೆ ಹೋಗಲು ಪಟ್ಟಿಯೇ ಇಲ್ಲ. ಮರಳಿ ಬಣ್ಣಕ್ಕೆ ಬಂದಾಗ ಆರನೇ ಇಯತ್ತೆಯ ಹುಡುಗಿ ಸಿಟ್ಟಿಗೆದ್ದಳು: “ಅಕ್ಕೋರ, ಮಾರಿದ್ದು ಮಾರಿಹೋತಲ್ರಿ, ಮತ್ತ ಇಲ್ಲ್ಯಾಕ ಕುಂತೈತಿ ಅದು?”

ಹೌದು, ಅದು ಅಲ್ಲಿ ಕೂತಿರಬಾರದು. ಕಳೆದೂ ಹೋಗಬಾರದು. ಹಿಂದಕ್ಕೆ ಮಡಚಿದರೆ ಎರಡೂ ಆಗುತ್ತದೆ.

ಬಿಳಿ ಪಟ್ಟಿಗೆ ಐದು ಮನೆ. ಬಲಗಡೆಯ ಎರಡು ಮನೆ ಬೆನ್ನಿಗೆ ಮಡಚಿ. ಕಾಣುವ ಮೂರು ಮನೆಯ ಉದ್ದಕ್ಕೆ ಸರಿಯಾಗಿ ಒಂದು ಹಳದಿ ಪಟ್ಟಿ ಕತ್ತರಿಸಿ ಕೆಳಗಿಡಿ. ಇದು ಮುಖ್ಯ: ಬಿಳಿ ಪಟ್ಟಿಯ ಮೂರು ಮನೆಯನ್ನೇ ನಾಲ್ಕು ಮಾಡಲು ಹೋದರೆ ಹಳೆಯ ಗೆರೆ, ಹೊಸ ಗೆರೆ ಕಲಸಿ ಮಕ್ಕಳ ಕಣ್ಣು ಕತ್ತಲೆ ಕಟ್ಟುತ್ತದೆ. ಹಳದಿ ಪಟ್ಟಿಗೆ ಹಿಂದಿನ ನೆನಪೇ ಇಲ್ಲ, ಎರಡು ಸಲ ಮಡಚಿದರೆ ನಾಲ್ಕು ಮನೆ. ಒಂದು ಮನೆ ಹಿಂದಕ್ಕೆ. ಉಳಿದ ಮೂರು 18, ಮನೆಗೆ 6, ಹಳದಿ ಪೂರ್ತಿ 24. ಈಗ ಹಳದಿಯ ಮೇಲೆ ಕೂತ ಬಿಳಿಯ ಮೂರು ಮನೆಯೂ 24, ಮನೆಗೆ 8. ಬಿಳಿ ಬಿಚ್ಚಿ: ಐದು ಮನೆ, 40 ಚೀಲ. ಒಂದೇ ಪಟ್ಟಿಯಲ್ಲಿ ಮಾಡಿದ್ದರೆ ಇಪ್ಪತ್ತು ಮನೆ ಬೇಕಿತ್ತು, ಅದಕ್ಕೆ ಮೊದಲು 5 ಮತ್ತು 4ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಬೇಕಿತ್ತು. ಎರಡು ಪಟ್ಟಿಗೆ ಎರಡು ಅಳತೆ ಇಟ್ಟುಕೊಂಡರೆ ಅದರ ಗೊಡವೆಯೇ ಇಲ್ಲ. 1980ರ ದಶಕದಲ್ಲಿ ಸಿಂಗಾಪುರದಲ್ಲಿ ಖೋ ಟೆಕ್ ಹೊಂಗ್ ಅವರ ತಂಡ ಈ ಪಟ್ಟಿ ಪದ್ಧತಿಯನ್ನು ಪ್ರಾಥಮಿಕ ಶಾಲೆಗೆ ತಂದಾಗಿನಿಂದ ಅಲ್ಲಿ ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಚಿತ್ರ, ಆಮೇಲೆ ಅಂಕಿ ಎಂಬ ಕ್ರಮ ಬಲವಾಗಿದೆ. ಭಿನ್ನರಾಶಿಗೆ ಬಂದಾಗ ಮೊದಲ ಮೆಟ್ಟಿಲು ಹಾರಿ ಚಿತ್ರಕ್ಕೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಹಾರಬೇಡಿ.

ಇನ್ನು ಕಾಗದದ ಗೋಳು. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ 30 ಸೆಂ.ಮೀ. ಪಟ್ಟಿ ಹೇಳಿದ್ದೆ. ಐದು ಮನೆ ಮಾಡಿದರೆ ಮನೆಗೆ 6 ಸೆಂ.ಮೀ., ಸ್ಕೇಲ್ ಇಟ್ಟು ಗುರುತು ಹಾಕಲು ಸುಲಭ. ಅವರು ಎ4 ಹಾಳೆಯನ್ನೇ ಉದ್ದಕ್ಕೆ ಸೀಳಿ ಕಳಿಸಿದ್ದರು, ಅಂದರೆ 29.7. ಕೊನೆಯ ಮನೆ 3 ಮಿ.ಮೀ. ಗಿಡ್ಡ. “ಅಷ್ಟರಾಗ ಏನಾಗ್ತೈತ್ರಿ ಮೇಡಂ” ಅಂದರು. ಸಮ ಪಾಲು ಅಂತ ಬಾಯಲ್ಲಿ ಹೇಳಿ ಕೈಗೆ ಅಸಮ ಪಾಲು ಕೊಟ್ಟರೆ ಮಕ್ಕಳು ನಮ್ಮನ್ನು ಹೇಗೆ ನಂಬಬೇಕು? ಎರಡನೇ ಸಲ 300 ಜಿಎಸ್‌ಎಂ ಕಾರ್ಡ್ ಬಂತು (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ಮಡಚಿದಲ್ಲೆಲ್ಲ ಬಿರುಕು. ಕೊನೆಗೆ ದಾರಿ ತೋರಿಸಿದವರು ಇಲ್ಲೇ ಗದಗಿನ ಪ್ರೆಸ್ಸೊಂದರ ಕಟಿಂಗ್ ಮಷೀನಿನವರು. ಕಾಗದಕ್ಕೆ ಗ್ರೇನ್, ಅಂದರೆ ನಾರು ಸಾಲಾಗಿ ಕೂತ ದಿಕ್ಕು, ಇರುತ್ತದೆ, ಗ್ರೇನ್ ಹಿಡಿದು ಮಡಚಿದರೆ ಗೆರೆ ನೇರ, ಅಡ್ಡ ಮಡಚಿದರೆ ಸಿಡಿಯುತ್ತದೆ, ಹಾಗಾಗಿ ನಿಮ್ಮ ಪಟ್ಟಿಗೆ ಗ್ರೇನ್ ಅಗಲಕ್ಕೆ ಬರಬೇಕು ಅಂದರು. 120 ಜಿಎಸ್‌ಎಂ ದೊಡ್ಡ ಹಾಳೆಯಲ್ಲಿ ಹಾಗೇ ಕತ್ತರಿಸಿ ಕೊಟ್ಟರು. ಅಂಚಿಗೆ ಅಂಚು ಕೂಡುತ್ತದೆ.

ಮುಂದಿನ ಕೆಲಸಕ್ಕೆ ಈಗಲೇ ಕೈ ತುರಿಸುತ್ತಿದೆ. ಈ ‘ಉಳಿದದ್ದರ ಭಾಗ’ದ ಲೆಕ್ಕಕ್ಕೆ ನಮ್ಮ ನಾಡಿನಲ್ಲೇ ಹಳೆಯ ಹೆಸರಿದೆ, ಶೇಷಜಾತಿ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 850ರ ಆಸುಪಾಸಿನಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಅದು ಒಂದು ಬಗೆ, ಅದರ ಪಕ್ಕದಲ್ಲೇ ಮೂಲಜಾತಿ, ಅಂದರೆ ವರ್ಗಮೂಲ ಬರುವ ಲೆಕ್ಕ. ಅದರಲ್ಲಿನ ಒಂಟೆಗಳ ಲೆಕ್ಕ ನಿಮಗೆ ಗೊತ್ತಿರಬಹುದು: ಹಿಂಡಿನ ಕಾಲು ಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, 15 ನದೀ ದಡದಲ್ಲಿ. ಉತ್ತರ 36. ವರ್ಗಮೂಲ ಬಂದರೆ ಪಟ್ಟಿ ಕೈಕೊಡುತ್ತದೆ, ಚೌಕ ಬೇಕು. 6×6 ಚೌಕದಲ್ಲಿ ಮೂಲೆಯ 9 ಮನೆ ಮಡಚಿ, ಎರಡು ಸಾಲಿನಷ್ಟು 12 ಮನೆ ತೆಗೆದರೆ 15. ಆದರೆ ಉತ್ತರ ಗೊತ್ತಿಲ್ಲದೆ ಚೌಕ ಎಷ್ಟು ದೊಡ್ಡದು ಮಾಡುವುದು? ಅದಕ್ಕೊಂದು ಉಪಾಯ ಹುಡುಕಬೇಕು. ಎಂಟನೇ ಇಯತ್ತೆಯವರಿಗೆ ದೀಪಾವಳಿ ರಜೆಯಲ್ಲಿ.

ಪಟ್ಟಿಗೆ ಮರಳುತ್ತೇನೆ. ಮಡಚುವುದರಿಂದ ಬರೆಯುವುದಕ್ಕೆ ದಾಟಿಸುವಾಗ ಕೆಲವರು ಕೆಳಗಿನ ಪಟ್ಟಿಯನ್ನೂ ಮೇಲಿನಷ್ಟೇ ಉದ್ದ ಎಳೆಯುತ್ತಾರೆ. ಚೌಕುಳಿ ನೋಟ್‌ಬುಕ್ಕಿನಲ್ಲಿ 20 ಚೌಕದ ಪಟ್ಟಿ ಹಾಕಿಸಿ, ಉಳಿದ ಭಾಗದ ಎರಡೂ ತುದಿಯಿಂದ ಚುಕ್ಕೆ ಗೆರೆ ಇಳಿಸಿದರೆ ನೇರವಾಗುತ್ತದೆ.

ಪರೀಕ್ಷೆಗೆಂದು ಮೂರು ಹಂತದ್ದೊಂದು ಕೊಟ್ಟೆ: ಮೂರರಲ್ಲಿ ಒಂದು ಭಾಗ, ಉಳಿದದ್ದರ ಕಾಲು ಭಾಗ, ಮತ್ತೆ ಉಳಿದದ್ದರ ಮೂರರಲ್ಲಿ ಎರಡು ಭಾಗ ಮಾರಿ 10 ಚೀಲ ಉಳಿದವು. ಅದೇ ಹುಡುಗಿ ಕೇಳದೆಯೇ ಹಸಿರು ಪಟ್ಟಿ ಎತ್ತಿಕೊಂಡಳು. ಮಡಚಿ ಮುಗಿಸಿ, ಕೊನೆಗುಳಿದ ತುಂಡಿಗೆ ಸ್ಕೇಲ್ ಇಟ್ಟಳು. “5 ಸೆಂಟಿಮೀಟರ್‌ಗೆ 10 ಚೀಲರಿ, ಇಡೀ ಪಟ್ಟಿ 30, ಅಂದ್ರ 60.” ಗುಣಿಸಿ ಹಿಂದಕ್ಕೆ ಏರಲೇ ಇಲ್ಲ. ನಾನು ತಡೆಯಲಿಲ್ಲ, ಗುಂಪಿಗೂ ಅದನ್ನೇ ಹೇಳಿಕೊಡು ಅಂದೆ. ಹಳೆಯ 29.7ರ ಪಟ್ಟಿಯಲ್ಲಿ ಅವಳಿಗೆ ಇದು ಹೊಳೆಯುತ್ತಿರಲಿಲ್ಲ. ಪ್ರೆಸ್ಸಿಗೆ ಇನ್ನೊಂದು ರೀಮ್ ಹೇಳಿಬಂದಿದ್ದೇನೆ, ಈ ಸಲ ಮೂರೂ ಬಣ್ಣದಲ್ಲಿ.