ಜಾಲಿಸುವ ನೀರಿನ ಲೆಕ್ಕ

ನಮ್ಮ ಮನೆಯ ವಾಷಿಂಗ್ ಮೆಷಿನ್ ಕೆಟ್ಟು ಎರಡು ವರ್ಷ ಕಳೆದಿದೆ. ಅದು ರಿಪೇರಿಯಾಗುವವರೆಗೆ ಎಂದುಕೊಂಡು ಕೈಯಲ್ಲಿ ಬಟ್ಟೆ ಒಗೆಯಲು ಆರಂಭಿಸಿದ ನಾನು ಇಂದಿಗೂ ಅದನ್ನೇ ಮುಂದುವರಿಸಿದ್ದೇನೆ. ಮೊದಲ ಕೆಲವು ವಾರ ಕೊಳೆ ಬಿಡಲೆಂದು ಪುಡಿಯನ್ನು ಧಾರಾಳವಾಗಿ ಸುರಿಯುತ್ತಿದ್ದೆ, ತೋಳು ಸೋಲುವವರೆಗೆ ಬ್ರಷ್ಷಿನಿಂದ ಉಜ್ಜುತ್ತಿದ್ದೆ, ಕೊನೆಗೆ ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆದು ಒಣಹಾಕುತ್ತಿದ್ದೆ. ಒಣಗಿದ ಮೇಲೆ ಬಟ್ಟೆಗಳು ಬಿರುಸಾಗಿರುತ್ತಿದ್ದವು. ಕಪ್ಪು ಅಂಗಿಗಳ ಹೊಲಿಗೆಯ ಉದ್ದಕ್ಕೂ ಬಿಳಿಯ ಗೆರೆ ಕಾಣುತ್ತಿತ್ತು. ಬೆವರಿದ ದಿನ ಕುತ್ತಿಗೆಯ ಸುತ್ತ ನವೆ ಏಳುತ್ತಿತ್ತು. ಕೊಳೆ ಉಳಿದಿದೆ ಎಂದು ಭಾವಿಸಿ ಇನ್ನಷ್ಟು ಪುಡಿ ಹಾಕಿದ್ದರಿಂದ ತೊಂದರೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ಉಳಿದಿದ್ದುದು ಕೊಳೆಯಲ್ಲ, ಸೋಪು ಎಂಬುದು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು.

ಒಗೆತದ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ತಿದ್ದಿದ್ದು ಸಿನ್ನರ್ ವೃತ್ತವೆಂಬ ಒಂದು ಸರಳ ವಿಚಾರ. ಹೆಂಕೆಲ್ ಕಂಪನಿಯಲ್ಲಿ ಮಾರ್ಜಕಗಳ ತಜ್ಞರಾಗಿದ್ದ ಹರ್ಬರ್ಟ್ ಸಿನ್ನರ್ ಅವರು 1959ರಲ್ಲಿ ಮುಂದಿಟ್ಟ ಈ ವಿಚಾರದ ಪ್ರಕಾರ, ಯಾವುದೇ ಶುಚಿಗೊಳಿಸುವ ಕೆಲಸ ನಾಲ್ಕು ಅಂಶಗಳಿಂದ ನಡೆಯುತ್ತದೆ: ಮಾರ್ಜಕ, ಬಿಸಿ, ಸಮಯ ಮತ್ತು ತಿಕ್ಕಾಟ. ಇವುಗಳಲ್ಲಿ ಒಂದು ಕಡಿಮೆಯಾದರೆ ಉಳಿದವು ಆ ಕೊರತೆಯನ್ನು ತುಂಬಬೇಕು. ಯಂತ್ರಕ್ಕೆ ದಣಿವಿಲ್ಲದ ಕಾರಣ ಅದು ಬಟ್ಟೆಯನ್ನು ಎಷ್ಟು ಹೊತ್ತಾದರೂ ಹೊರಳಿಸಬಲ್ಲದು. ಕೈಯಲ್ಲಿ ಒಗೆಯುವವರು ಅದರೊಂದಿಗೆ ತಿಕ್ಕಾಟದಲ್ಲಿ ಪೈಪೋಟಿಗೆ ಇಳಿಯುವ ಬದಲು ಸಮಯವನ್ನು ಹೆಚ್ಚಿಸಿಕೊಳ್ಳುವುದೇ ಸರಿ. ಅಂದರೆ ಬಟ್ಟೆಯನ್ನು ಸರಿಯಾಗಿ ನೆನೆಹಾಕಬೇಕು.

ಈಗ ನಾನು ಪುಡಿಯನ್ನು ಮೊದಲು ಒಂದು ಮಗ್ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಬಕೆಟ್ಟಿಗೆ ಬೆರೆಸಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಬಟ್ಟೆಯನ್ನು ಮುಳುಗಿಸಿಡುತ್ತೇನೆ. ಮಾರ್ಜಕದ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಜಿಡ್ಡನ್ನೂ ಹಿಡಿಯುವುದರಿಂದ, ಆ ಹೊತ್ತಿನಲ್ಲಿ ಜಿಡ್ಡು ನೂಲಿನಿಂದ ಸಡಿಲಗೊಂಡು ಸಣ್ಣ ಹನಿಗಳಾಗಿ ನೀರಿಗೆ ಬರುತ್ತದೆ. ರಾತ್ರಿಯಿಡೀ ನೆನೆಸಿಟ್ಟರೆ ಒಳ್ಳೆಯದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬಿಟ್ಟ ಬಣ್ಣ ಬೇರೆ ಬಟ್ಟೆಗೆ ಹತ್ತುವುದಕ್ಕೂ ನೀರು ವಾಸನೆ ಬರುವುದಕ್ಕೂ ಅಷ್ಟು ಹೊತ್ತು ಸಾಕಾಗುತ್ತದೆ. ರಕ್ತದ ಕಲೆಯಿದ್ದರೆ ಮಾತ್ರ ತಣ್ಣೀರನ್ನೇ ಬಳಸಬೇಕು. ಬಿಸಿನೀರು ತಗುಲಿದರೆ ಅದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ಕಲೆ ನೂಲಿನಲ್ಲಿ ಕೂತುಬಿಡುತ್ತದೆ.

ನೆನೆದ ಮೇಲೆ ಉಜ್ಜುವ ಕೆಲಸ ಬಹಳ ಉಳಿಯುವುದಿಲ್ಲ. ಕಾಲರ್, ತೋಳಿನ ತುದಿ, ಕಂಕುಳು, ಕಾಲುಚೀಲದ ಅಡಿ, ಇಷ್ಟಕ್ಕೆ ಬಟ್ಟೆಯನ್ನು ಬಟ್ಟೆಗೇ ತಿಕ್ಕಿದರೆ ಸಾಕು. ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಇದನ್ನು ತಾಳಿಕೊಳ್ಳುತ್ತದೆ; ರೇಯಾನ್ ಒದ್ದೆಯಾದಾಗ ದುರ್ಬಲವಾಗುವುದರಿಂದ ಅದನ್ನು ಬಲವಾಗಿ ತಿಕ್ಕುವುದೂ ತಿರುಚಿ ಹಿಂಡುವುದೂ ಬೇಡ.

ಕೈಒಗೆತದ ನಿಜವಾದ ಶ್ರಮ ಸಲ್ಲಬೇಕಾದುದು ಜಾಲಿಸುವುದಕ್ಕೆ. ಹೆಚ್ಚಿನವರು ಅವಸರಪಡುವುದೂ ಇಲ್ಲಿಯೇ. ಹಿಂಡಿದ ಬಟ್ಟೆಯಲ್ಲಿ ಒಂದು ಲೀಟರ್ ಸೋಪುನೀರು ಉಳಿದಿದೆ, ಜಾಲಿಸಲು ನಮ್ಮ ಬಳಿ 9 ಲೀಟರ್ ನೀರಿದೆ ಎಂದುಕೊಳ್ಳೋಣ. ಅಷ್ಟನ್ನೂ ಒಂದೇ ಸಲ ಬಳಸಿ ಮತ್ತೆ ಮೊದಲಿನಷ್ಟೇ ಹಿಂಡಿದರೆ, ಸೋಪಿನ ಹತ್ತನೆಯ ಒಂದು ಭಾಗ ಬಟ್ಟೆಯಲ್ಲಿಯೇ ಉಳಿಯುತ್ತದೆ. ಅದೇ ನೀರನ್ನು 3 ಲೀಟರಿನಂತೆ ಮೂರು ಸಲಕ್ಕೆ ಹಂಚಿ ಪ್ರತಿ ಸಲವೂ ಹಿಂಡಿದರೆ, ಪ್ರತಿ ಬಾರಿ ನಾಲ್ಕನೆಯ ಒಂದು ಭಾಗ ಮಾತ್ರ ಉಳಿಯುವುದರಿಂದ, ಕೊನೆಗೆ ಉಳಿಯುವುದು 64ರಲ್ಲಿ ಒಂದು ಭಾಗ. ಇನ್ನೂ ಚೆನ್ನಾಗಿ ಹಿಂಡಿ ಬಟ್ಟೆಯಲ್ಲಿ ಅರ್ಧ ಲೀಟರ್ ಮಾತ್ರ ನಿಲ್ಲುವಂತೆ ಮಾಡಿದರೆ ಅದು 343ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ನೂಲಿಗೆ ಅಂಟಿದ ಸೋಪು ಈ ಲೆಕ್ಕದಷ್ಟು ವಿಧೇಯವಾಗಿ ಬಿಟ್ಟುಬರದ ಕಾರಣ ಪ್ರತಿ ಸಲವೂ ಬಟ್ಟೆಯನ್ನು ನೀರಿನಲ್ಲಿ ಒಂದೆರಡು ನಿಮಿಷ ಅಲ್ಲಾಡಿಸಬೇಕು ಎಂಬುದು ನಿಜ. ಆದರೂ ನೀರನ್ನು ಹೆಚ್ಚಿಸದೆ, ಕೇವಲ ಹಂಚಿ ಮತ್ತು ಹಿಂಡಿ ಇಷ್ಟು ವ್ಯತ್ಯಾಸವನ್ನು ಪಡೆಯಬಹುದೆಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ದಿನ ನನಗೆ ಆದ ಸಂತೋಷ ಸಣ್ಣದಲ್ಲ. ಅಂದಿನಿಂದ ಪುಡಿಯನ್ನೂ ಅರ್ಧಕ್ಕೆ ಇಳಿಸಿದೆ. ಕುತ್ತಿಗೆಯ ನವೆ ಎರಡು ವಾರಗಳಲ್ಲಿ ನಿಂತಿತು. ಕೊನೆಯ ಸಲ ಜಾಲಿಸಿದ ನೀರು ಬಹುಪಾಲು ತಿಳಿಯಾಗಿಯೇ ಇರುವುದರಿಂದ ಮುಂದಿನ ಕಂತಿನ ಬಟ್ಟೆಯನ್ನು ಅದರಲ್ಲೇ ನೆನೆಹಾಕುತ್ತೇನೆ.

ಗಡಸು ನೀರಿರುವ ಮನೆಗಳಲ್ಲಿ ಸೋಪಿನ ಬಿಲ್ಲೆಗಿಂತ ಡಿಟರ್ಜೆಂಟ್ ಪುಡಿಯೇ ಮೇಲು. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಗಸಿಯಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತವೆ, ಅದನ್ನು ಎಷ್ಟು ಜಾಲಿಸಿದರೂ ತೆಗೆಯುವುದು ಕಷ್ಟ.

ಉಣ್ಣೆಯ ಬಟ್ಟೆಗೆ ಮೇಲಿನ ಕ್ರಮ ಹೊಂದುವುದಿಲ್ಲ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿದ್ದು, ಒದ್ದೆಯಾಗಿರುವಾಗ ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿಬಿಡುತ್ತದೆ. ಅದನ್ನು ಉಗುರುಬೆಚ್ಚಗಿಂತಲೂ ತಣ್ಣಗಿನ ನೀರಿನಲ್ಲಿ, ಉಣ್ಣೆಗೆಂದೇ ಇರುವ ಸೌಮ್ಯವಾದ ದ್ರವ ಬೆರೆಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಒಗೆಯುತ್ತೇನೆ. ಜಾಲಿಸಿದ ಮೇಲೆ ತಿರುಚುವುದಿಲ್ಲ. ಒಣಗಿದ ದಪ್ಪ ಟವೆಲ್ಲಿನ ಮೇಲೆ ಹರಡಿ, ಟವೆಲ್ಲಿನ ಸಮೇತ ಸುರುಳಿ ಸುತ್ತಿ, ಮೊಣಕಾಲಿನಿಂದ ಅದುಮುತ್ತೇನೆ. ಟವೆಲ್ ಬಿಚ್ಚಿದಾಗ ಸ್ವೆಟರಿನ ನೀರಿನಲ್ಲಿ ಬಹುಭಾಗ ಅದಕ್ಕೆ ಇಳಿದಿರುತ್ತದೆ, ಮತ್ತು ನೇತುಹಾಕಿದರೆ ಜೋತು ಉದ್ದವಾಗುವ ಆ ಸ್ವೆಟರನ್ನು ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ, ತೋಳುಗಳನ್ನು ನೇರ ಮಾಡಿ ಬಿಡುತ್ತೇನೆ.